ಅಮ್ಮನ ಹನ್ನೊಂದು ನಾಣ್ಯಗಳು

ಮೇ 14, ಸೋಮವಾರ

ಅಮ್ಮ ಹೋಗಿ ಇವತ್ತಿಗೆ ನಲವತ್ತು ದಿನ. ಅವಳ ಕೋಣೆ ಖಾಲಿ ಮಾಡಲು ನನಗೆ ಮನಸ್ಸಿರಲಿಲ್ಲ. ಆದರೆ ಮಾರ್ಲೆನಿ ಬೆಳಗ್ಗೆಯೇ ಪೊರಕೆ ಹಿಡಿದು ನಿಂತಿದ್ದಳು. ಹೆಂಡತಿ ಹಾಗೆ ನಿಂತ ಮೇಲೆ ನಾನು ಎದುರಾಡುವುದಿಲ್ಲ. ಬಟ್ಟೆಗಳನ್ನು ಚರ್ಚಿಗೆ ಕೊಡಲು ಗಂಟು ಕಟ್ಟಿದೆವು. ಹಾಸಿಗೆಯನ್ನು ಅಂಗಳಕ್ಕೆ ಎಳೆದು ಬಿಸಿಲಿಗೆ ಹಾಕಿದೆವು. ದಿಂಬನ್ನು ಕೊಡವುವಾಗ ಒಳಗೆ ಏನೋ ಕಣಕಣ ಎಂದಿತು.

ದಿಂಬಿನ ಮೂಲೆಯಲ್ಲಿ ಒಂದು ಪುಟ್ಟ ಜೇಬು ಹೊಲಿದಿದ್ದಳು. ಬಿಚ್ಚಿದರೆ ಹನ್ನೊಂದು ನಾಣ್ಯಗಳು. ನಾನು ಅಂಥವನ್ನು ಎಂದೂ ಕಂಡಿಲ್ಲ. ಕಪ್ಪಾಗಿ, ಅಂಚು ಸವೆದು ಹೋಗಿವೆ. ಯಾವ ದೊರೆಯ ತಲೆಯೂ ಇಲ್ಲ, ಹದ್ದೂ ಇಲ್ಲ. ಒಂದು ಕಡೆ ದಪ್ಪನೆಯ ಶಿಲುಬೆ, ಇನ್ನೊಂದು ಕಡೆ ಏನೋ ಅಂಕಿ, ಅದರ ಸುತ್ತ ಅಳಿಸಿಹೋದ ಅಕ್ಷರ.

ಅಮ್ಮನ ಅಪ್ಪ ಅಮ್ಮ ಹೊಂಡಾ ಊರಿನವರು, ನದಿ ಜ್ವರ ಬಂದು ಒಂದೇ ವಾರದಲ್ಲಿ ತೀರಿಕೊಂಡರು, ಅವಳನ್ನು ಸನ್ಯಾಸಿನಿಯರು ಸಾಕಿದರು. ನಾವು ಕೇಳಿಕೊಂಡು ಬಂದದ್ದು ಇಷ್ಟು. ತಾತ ಮಗ್ದಲೇನಾ ನದಿಯಲ್ಲಿ ದೋಣಿ ಇಟ್ಟುಕೊಂಡು ಕಾಫಿ ವ್ಯಾಪಾರ ಮಾಡುತ್ತಿದ್ದ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದನ್ನು ಅಮ್ಮ ಹೇಳಿದ್ದಳೋ, ನಾನೇ ಸೇರಿಸಿಕೊಂಡೆನೋ, ಈಗ ನೆನಪಿಲ್ಲ. ವ್ಯಾಪಾರಿಯ ಮನೆಯ ನಾಣ್ಯವಾದರೆ ಬೆಲೆ ಬಾಳಬಹುದು.

ಇಬಗೇಯಲ್ಲಿರುವ ತಂಗಿ ನುಬಿಯಾಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮೊದಲು ಏನೆಂದು ಗೊತ್ತಾಗಲಿ ಎಂದುಕೊಂಡೆ. ನಾನೊಬ್ಬನೇ ಓದುವ ಪುಸ್ತಕದಲ್ಲಿ ಸುಳ್ಳು ಬರೆದು ಯಾರನ್ನು ನಂಬಿಸಲಿ? ದೊಡ್ಡ ಬೆಲೆ ಬಂದರೆ ಅವಳಿಗೆ ಎಷ್ಟು ಹೇಳಬೇಕು ಎಂದು ಯೋಚಿಸುವುದಕ್ಕೆ ಸಮಯ ಬೇಕಿತ್ತು.

ಮೇ 16, ಬುಧವಾರ

ದೋನ್ ಪ್ಲುತಾರ್ಕೊ ಅವರ ಔಷಧಿ ಅಂಗಡಿಯ ಜಗಲಿಯಲ್ಲಿ ದಿನಾ ಸಂಜೆ ನಮ್ಮ ಡೊಮಿನೊ ಆಟ. ಇವತ್ತು ಆಟ ಬಿಟ್ಟು ನಾಣ್ಯಗಳದ್ದೇ ಮಾತು. ತೋರಿಸಬಾರದು ಎಂದುಕೊಂಡೇ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ.

"ಓಹೋ, ನಿಧಿ!" ಎಂದ ಮೀನಂಗಡಿಯ ಚೂಚೊ. "ಇನ್ಮೇಲೆ ನಮ್ ಜೊತೆ ಆಡ್ತೀಯೋ, ಇಲ್ಲ ಗವರ್ನರ್ ಜೊತೆಗೋ?"

"ಮೊದಲು ನಿನ್ನ ಮೀನಿನ ಕೈ ಒರೆಸ್ಕೋ," ಎಂದೆ.

ಪ್ಲುತಾರ್ಕೊ ಕನ್ನಡಕ ಹಣೆಗೇರಿಸಿ ನೋಡಿದರು. ಒಂದು ನಾಣ್ಯದಲ್ಲಿ ನಾಲ್ಕು ಅಕ್ಷರ ಕಾಣುತ್ತಿತ್ತು: Z, A, R, E.

"ಝಾರ್!" ಎಂದ ಚೂಚೊ. "ರಷ್ಯಾ ದೊರೆ. ಎವೆಲಿಯೊ, ನಿಮ್ಮಜ್ಜ ರಷ್ಯಾಕ್ಕೂ ಕಾಫಿ ಕಳಿಸಿದ್ದಾನೆ ಕಣೋ."

"ಶಿಲುಬೆ ಇದೆ ನೋಡು, ನಜರೇತಿನ ಸ್ವಾಮಿ ಇರಬೇಕು, ಯಾವುದೋ ಚರ್ಚಿಂದು," ಎಂದೆ ನಾನು.

ಪ್ಲುತಾರ್ಕೊ ನಾಣ್ಯವನ್ನು ತುಂಬ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ, "ಇದನ್ನ ಮನೇಲಿ ಇಟ್ಕೊಳ್ಳಿ ಎವೆಲಿಯೊ. ಅಮ್ಮನ ನೆನಪು," ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ. ಬೊಗೊತಾದಲ್ಲಿ ಹಳೆಯ ನಾಣ್ಯ ಕೊಳ್ಳುವವರಿದ್ದಾರೆ, ಮುಂದಿನ ವಾರ ಗುರುವಾರ ಹೋಗುತ್ತೇನೆ ಎಂದಾಗ, "ಹಾಗಾದ್ರೆ ನಾನೂ ಬರ್ತೀನಿ. ತೊಳೀಬೇಡಿ. ತೊಳೆದ್ರೆ ಬೆಲೆ ಹೋಗುತ್ತಂತೆ," ಎಂದರು.

ಮಾರ್ಲೆನಿ ಇವತ್ತು ಎರಡು ಸಲ ಕೇಳಿದಳು, "ನುಬಿಯಾಗೆ ಹೇಳಿದ್ರಾ?" ಎಂದು. ಲೈನ್ ಸಿಗಲಿಲ್ಲ ಎಂದೆ.

ಮೇ 24, ಗುರುವಾರ

ಬರೆಯಬಾರದು ಎಂದು ಕುಳಿತಿದ್ದೆ. ಬರೆದೇ ಬಿಡುತ್ತೇನೆ.

ಬೊಗೊತಾದ ಅಂಗಡಿ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಉಣ್ಣೆಯ ಸ್ವೆಟರ್ ಹಾಕಿದ ಮುದುಕ ಕುಳಿತಿದ್ದ. ಇನ್ನಿಬ್ಬರು ಗಿರಾಕಿಗಳಿದ್ದರು. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದೆ. ನಾಣ್ಯಗಳನ್ನು ಮೇಜಿನ ಮೇಲೆ ಸುರಿದು, "ನಮ್ಮ ಮನೆತನದ್ದು," ಎಂದೆ. ಯಾಕೆ ಹಾಗೆ ಹೇಳಿದೆ!

ಮುದುಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೊಂದನ್ನೇ ಬೆಳಕಿಗೆ ಓರೆ ಮಾಡಿ ನೋಡಿದ. ನಗುತ್ತ ಎಲ್ಲರಿಗೂ ಕೇಳುವಂತೆ ಓದಿದ: "ಲಾ-ಜಾ-ರೆ-ತೊ."

"ಅಂದ್ರೆ?" ಎಂದೆ. ನನಗೆ ಆಗಲೇ ಅರ್ಥವಾಗಿತ್ತು.

"ಕುಷ್ಠರೋಗಿಗಳ ಊರಿನ ದುಡ್ಡು ಸ್ವಾಮಿ. ಅವರು ಮುಟ್ಟಿದ ದುಡ್ಡು ಹೊರಗೆ ಬರಬಾರ್ದು ಅಂತ ಅವರಿಗೇ ಬೇರೆ ನಾಣ್ಯ ಮಾಡಿದ್ರು. ಊರ ಹೊರಗೆ ಇದಕ್ಕೆ ಒಂದು ಬನ್ನೂ ಬರ್ತಿರ್ಲಿಲ್ಲ. ಈಗ ಸಂಗ್ರಹ ಮಾಡೋರು ಹುಡುಕ್ತಾರೆ. ಹತ್ತು ಸಾಧಾರಣ. ಇದೊಂದು ಮಾತ್ರ ಮೊದಲ ವರ್ಷಗಳದ್ದು, ಅಪರೂಪ. ನಿಮ್ಮ ಮನೆಯವರು ಯಾರಾದ್ರೂ ಅಲ್ಲಿದ್ರಾ?"

"ಇಲ್ಲ," ಎಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ಹಳೇ ಸಾಮಾನಿನವನ ಹತ್ರ ತಗೊಂಡಿದ್ದು."

ಒಂದು ನಿಮಿಷದ ಹಿಂದೆ ಮನೆತನದ್ದು ಎಂದಿದ್ದೆ. ಪ್ಲುತಾರ್ಕೊ ತಮ್ಮ ಬೂಟಿನ ತುದಿ ನೋಡುತ್ತ ನಿಂತಿದ್ದರು. ಮುದುಕ ಹೇಳಿದ ಬೆಲೆಗೆ ಹನ್ನೊಂದನ್ನೂ ಕೊಟ್ಟುಬಿಟ್ಟೆ. ಚೌಕಾಸಿ ಮಾಡಲಿಲ್ಲ. ಅವು ನನ್ನ ಕಣ್ಣೆದುರಿನಿಂದ ಹೋದರೆ ಸಾಕಾಗಿತ್ತು.

ಬಸ್ ನಿಲ್ದಾಣದ ಶೌಚಾಲಯದಲ್ಲಿ ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಪ್ಲುತಾರ್ಕೊ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ನಮ್ಮೂರು ಗಿರಾರ್ದೋತ್ ತಲುಪುವವರೆಗೆ ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡಿದ್ದೆ.

ಮೇ 25, ಶುಕ್ರವಾರ

ಹೊರಗೆ ಹೋಗಲಿಲ್ಲ. ಕೈ, ಮೊಣಕೈ, ಕಿವಿ ಎಲ್ಲ ಕನ್ನಡಿಯಲ್ಲಿ ನೋಡಿಕೊಂಡೆ. ಅಮ್ಮ ಹೊಲಿದ ದಿಂಬನ್ನು ಸುಟ್ಟೆ. ಮಾರ್ಲೆನಿಗೆ ಹೆಗ್ಗಣ ಕಚ್ಚಿತ್ತು ಎಂದೆ.

ಮೇ 27, ಭಾನುವಾರ

ಪ್ಲುತಾರ್ಕೊ ಮನೆಗೆ ಬಂದರು. ಮಲಗಿದ್ದೇನೆ ಎಂದು ಹೇಳು ಎಂದೆ. "ಮಲಗಿದಾರಂತೆ," ಎಂದಳು ಮಾರ್ಲೆನಿ ಬಾಗಿಲಲ್ಲಿ. ಆ 'ಅಂತೆ' ನನಗೂ ಕೇಳಿಸಿತು, ಅವರಿಗೂ ಕೇಳಿಸಿರಬೇಕು.

ಅವರು ಹೋದ ಮೇಲೆ ನನ್ನೆದುರು ಕುರ್ಚಿ ಎಳೆದುಕೊಂಡು ಕುಳಿತಳು. ಎಲ್ಲ ಹೇಳಿದೆ. ಇಷ್ಟು ವರ್ಷ ಅವಳಿಗೆ ಹೇಳಿದ ದೋಣಿ, ಕಾಫಿ ಎಲ್ಲ ಸುಳ್ಳಿರಬಹುದು ಎಂದೆ. ಅವಳು ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ.

"ಅಷ್ಟೇನಾ?" ಎಂದಳು. "ನಾನು ಎಲ್ಲೋ ಇನ್ನೊಂದು ಸಂಸಾರ ಇದೆ ಅಂದ್ಕೊಂಡೆ."

"ನಿನಗೆ ಅರ್ಥ ಆಗ್ಲಿಲ್ಲ."

"ಆಯ್ತು. ನಿಮ್ಮಮ್ಮ ಮಾಡಿದ ಮೀನಿನ ಸಾರು ಮೂವತ್ತೆರಡು ವರ್ಷ ಉಂಡಿದೀನಿ. ಚೆನ್ನಾಗೇ ಇದೀನಿ. ನುಬಿಯಾಗೆ ಫೋನ್ ಮಾಡಿ. ನೀವು ಮಾಡ್ದಿದ್ರೆ ನಾನು ಮಾಡ್ತೀನಿ."

ಮಾಡಿದೆ. ನಾಣ್ಯ ಸಿಕ್ಕಿದ್ದು, ಮಾರಿದ್ದು ಹೇಳಿದೆ. ಅವಳ ಪಾಲು ಕೊಡುತ್ತೇನೆ ಎಂದೆ.

"ಮಾರಿದ್ಯಾ?" ಎಂದಳು. "ಬರೋ ಭಾನುವಾರ ಬರ್ತೀನಿ. ಫೋನಲ್ಲಿ ಹೇಳೋದಲ್ಲ ಇದು."

ಜೂನ್ 3, ಭಾನುವಾರ

ನುಬಿಯಾಗೆ ಎಲ್ಲ ಗೊತ್ತಿತ್ತು. ಒಂಬತ್ತು ವರ್ಷದಿಂದ ಗೊತ್ತಿತ್ತು.

ತಮಾಲ್ ಕಡುಬು ತಂದಿದ್ದಳು, ಅಮ್ಮ ಮಾಡುತ್ತಿದ್ದ ಹಾಗೆಯೇ ಬಾಳೆ ಎಲೆಯಲ್ಲಿ ಕಟ್ಟಿದ್ದು. ಯಾರೂ ಬಿಚ್ಚಲಿಲ್ಲ.

ಅಮ್ಮ ಹುಟ್ಟಿದ್ದು ಹೊಂಡಾದಲ್ಲೇ. ತಾತ ಹೇಸರಗತ್ತೆಗಳ ಮೇಲೆ ಬೇರೆಯವರ ಉಪ್ಪು ಸಾಗಿಸುತ್ತಿದ್ದನಂತೆ. ರೋಗ ಬಂದಾಗ ಅವನನ್ನು ನದಿಯಾಚೆಯ ಆ ಊರಿಗೆ ಕಳಿಸಿದರು. ಅಜ್ಜಿ ಎರಡು ಮಕ್ಕಳನ್ನು ಕರೆದುಕೊಂಡು ಅವನ ಹಿಂದೆಯೇ ಹೋದಳು. ದೊಡ್ಡ ಮಗಳಿಗೂ ರೋಗ ಬಂತು. ಚಿಕ್ಕವಳು, ನಮ್ಮ ಅಮ್ಮ, ಆರೋಗ್ಯವಾಗಿದ್ದಳು. ಆಗಿನ ಕಾನೂನಿನ ಪ್ರಕಾರ ಆರೋಗ್ಯವಂತ ಮಕ್ಕಳು ಅಲ್ಲಿರುವ ಹಾಗಿರಲಿಲ್ಲ. ಏಳು ವರ್ಷಕ್ಕೆ ಅವಳನ್ನು ಹೊರಗೆ, ಸನ್ಯಾಸಿನಿಯರ ಬಳಿಗೆ ಕಳಿಸಿದರು.

"ದೊಡ್ಡವಳು ಇನ್ನೂ ಇದಾಳೆ," ಎಂದಳು ನುಬಿಯಾ. "ವಿಸಿತಾಸಿಯೋನ್. ನಮ್ಮ ದೊಡ್ಡಮ್ಮ. ಎಂಬತ್ಮೂರು ವರ್ಷ. ಅಮ್ಮ ಗುರುವಾರ ಗುರುವಾರ ಎಲ್ಲಿಗೆ ಹೋಗ್ತಿದ್ಲು ಅಂದ್ಕೊಂಡಿದ್ದೆ?"

"ಪ್ರಾರ್ಥನೆಗೆ."

"ನಲವತ್ತು ವರ್ಷ ಗುರುವಾರದ ಪ್ರಾರ್ಥನೆ! ಒಂದ್ಸಲನಾದ್ರೂ ಯಾವ ಚರ್ಚು ಅಂತ ಕೇಳಿದ್ಯಾ ಅಣ್ಣ?"

ಕೇಳಿರಲಿಲ್ಲ.

"ಅವಳ ಸೊಂಟ ನೋವು ಜಾಸ್ತಿ ಆದಾಗ ಒಬ್ಬಳೇ ಹೋಗೋಕಾಗ್ಲಿಲ್ಲ, ಅದಕ್ಕೆ ನನಗೆ ಹೇಳಿದ್ಲು. ಅಣ್ಣನ ಹತ್ರ ಹೇಳೋಣ, ಹತ್ರದಲ್ಲೇ ಇದಾನೆ ಅಂದೆ. ಬೇಡವೇ ಬೇಡ ಅಂದ್ಲು."

"ಯಾಕೆ?"

ಅವಳು ಮಾರ್ಲೆನಿಯ ಮುಖ ನೋಡಿದಳು. "ಅವನು ಬಸ್ಸಿನ ಕಥೆ ಹೇಳಿದ್ನಲ್ಲ, ಆವತ್ತಿಂದ ಅವನ ಹತ್ರ ಬಾಯಿ ಬರಲಿಲ್ಲ ಅಂದ್ಲು. ಈಗ ಹೇಳಿದ್ರೆ ಅವನಿಗೆ ನಾಚಿಕೆ ಆಗುತ್ತೆ, ಅವನನ್ನ ನಾಚಿಸೋದು ಬೇಡ ಅಂದ್ಲು."

ಯಾವ ಕಥೆ ಎಂದು ಕೇಳಿದೆ. ನೆನಪಿಲ್ಲದವನ ಹಾಗೆ ನಟಿಸಿದೆ. ನುಬಿಯಾ ಉತ್ತರ ಕೊಡದೆ ಚಪ್ಪಲಿ ಮೆಟ್ಟಿಕೊಂಡಳು. ನಾಣ್ಯದ ದುಡ್ಡಿನ ಅವಳ ಪಾಲು ಮೇಜಿನ ಮೇಲೆಯೇ ಬಿದ್ದಿತ್ತು.

ಜೂನ್ 4, ಸೋಮವಾರ

1969. ನನಗೆ ಹತ್ತೊಂಬತ್ತು. ಬಸ್ಸಿನಲ್ಲಿ ಕಂಡಕ್ಟರ್ ಆಗಿ ಎರಡು ತಿಂಗಳಾಗಿತ್ತು. ಆ ಊರಿನ ಸುತ್ತಲ ಬೇಲಿ ತೆಗೆದು ಎಂಟು ವರ್ಷವಾಗಿತ್ತು, ಅಲ್ಲಿಯವರು ಎಲ್ಲಿ ಬೇಕಾದರೂ ಓಡಾಡಬಹುದಿತ್ತು. ರಸ್ತೆ ಕೂಡುವಲ್ಲಿ ಒಬ್ಬ ಹೆಂಗಸು ಹತ್ತಿದಳು. ತಲೆಗೆ ಹುಲ್ಲಿನ ಟೋಪಿ, ಕಂಕುಳಲ್ಲಿ ಮಾವಿನ ಹಣ್ಣಿನ ಬುಟ್ಟಿ. ಟಿಕೆಟ್ಟಿಗೆ ದುಡ್ಡು ಕೊಡಲು ಕೈ ಚಾಚಿದಳು. ಕೈಗೆ ಬಟ್ಟೆ ಸುತ್ತಿತ್ತು. ಹಿಂದೆ ಕುಳಿತಿದ್ದ ಯಾರೋ ಕಿರುಚಿದರು.

ಡ್ರೈವರ್ ಹೇಳಿದ, ನಾನು ಮಾಡಿದೆ ಎಂದು ಬರೆಯಬಹುದು. ಡ್ರೈವರ್ ಏನೂ ಹೇಳಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿದ, ಅಷ್ಟೇ. ನಾನು ಬಸ್ಸು ಗುಡಿಸುವ ಪೊರಕೆ ತೆಗೆದುಕೊಂಡೆ. ಅದರ ಹಿಡಿಯಿಂದ ಅವಳ ಬುಟ್ಟಿಯನ್ನು ಮೆಟ್ಟಿಲ ಕೆಳಕ್ಕೆ ತಳ್ಳಿದೆ. ಹಣ್ಣುಗಳು ರಸ್ತೆಯಲ್ಲಿ ಉರುಳಿದವು. ಅವಳು ಇಳಿದಳು. ಅವಳ ಕೈಯಿಂದ ಬಿದ್ದ ದುಡ್ಡನ್ನೂ ಗುಡಿಸಿ ಹೊರಗೆ ಹಾಕಿದೆ. ಅವಳು ನನ್ನ ಮುಖ ನೋಡಲಿಲ್ಲ, ಹಣ್ಣು ಆಯತೊಡಗಿದಳು. ಬಸ್ಸಿನವರೆಲ್ಲ ನಕ್ಕರು. ಒಬ್ಬರು ನನ್ನ ಬೆನ್ನು ತಟ್ಟಿದರು. ನಾನು ದೊಡ್ಡವನಾದೆ ಎನಿಸಿತು.

ಆ ಸಂಜೆ ಊಟಕ್ಕೆ ಕುಳಿತಾಗ ಇದನ್ನೆಲ್ಲ ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಅಡುಗೆಮನೆಯ ಪೊರಕೆ ತಂದು ಆಡಿ ತೋರಿಸಿದೆ. ಅವಳು ಬಾಗಿ ಹಣ್ಣು ಆಯ್ದದ್ದನ್ನೂ ತೋರಿಸಿದೆ. ಅಪ್ಪ ನಕ್ಕ. ನುಬಿಯಾಗೆ ಆಗ ಹನ್ನೊಂದು, ಅವಳೂ ನಕ್ಕಿರಬೇಕು. ಅಮ್ಮ ಎದ್ದು ಸಾರಿನ ಪಾತ್ರೆ ಒಳಗೆ ತೆಗೆದುಕೊಂಡು ಹೋದಳು. ನಾವಿನ್ನೂ ಉಣ್ಣುತ್ತಿದ್ದೆವು. "ಏಯ್, ಸಾರು!" ಎಂದು ಕೂಗಿದೆ ನಾನು.

ಇದೆಲ್ಲ ನನಗೆ ಯಾವತ್ತೂ ಮರೆತಿರಲಿಲ್ಲ. ಹತ್ತಾರು ಕಡೆ ಹೇಳಿ ನಗಿಸಿದ್ದೇನೆ. ಕೊನೆಯ ಸಲ ಹೇಳಿದ್ದು ಪ್ಲುತಾರ್ಕೊ ಜಗಲಿಯಲ್ಲಿ, ಹೋದ ವರ್ಷ.

ಜೂನ್ 14, ಗುರುವಾರ

ಆ ಊರಿಗೆ ಹೋದೆ. ನಲವತ್ತು ನಿಮಿಷ. ಚೌಕದಲ್ಲಿ ಇಳಿದೆ. ಬೇರೆ ಊರುಗಳ ಹಾಗೆಯೇ ಇದೆ: ಚರ್ಚು, ಮರ, ಲಾಟರಿ ಚೀಟಿ ಮಾರುವವರು. ಬಿಸಿಲಿಗೆ ಗಂಟಲು ಒಣಗಿತ್ತು. ಒಬ್ಬಾಕೆ ಗಾಜಿನ ಲೋಟದಲ್ಲಿ ನಿಂಬೆ ಪಾನಕ ಕೊಟ್ಟಳು. ದುಡ್ಡು ಕೊಟ್ಟು, ಅವಳು ಆ ಕಡೆ ತಿರುಗಿದಾಗ ಮರದ ಬುಡಕ್ಕೆ ಸುರಿದೆ. ಮುಂದಿನ ಬಸ್ಸಿಗೆ ವಾಪಸ್.

ಮಾರ್ಲೆನಿಗೆ, ದೊಡ್ಡಮ್ಮ ಮಲಗಿದ್ದರು ಎಂದೆ.

"ಈ ಮನೇಲಿ ಎಲ್ರೂ ತುಂಬ ಮಲಗ್ತಾರೆ," ಎಂದಳು.

ಜೂನ್ 21, ಗುರುವಾರ

ಮಾರ್ಲೆನಿ ಕೈ ಹಿಡಿದು ಎಳೆದುಕೊಂಡೇ ಹೋದಳು.

ವಯಸ್ಸಾದ ರೋಗಿಗಳಿಗೆಂದು ಇರುವ ವಸತಿಗೃಹ. ಉದ್ದನೆಯ ಜಗಲಿ, ಅಂಗಳದಲ್ಲಿ ಎರಡು ಮಾವಿನ ಮರ. ಜಗಲಿಯ ತುದಿಯಲ್ಲಿ ಒಬ್ಬಳು ಸಣ್ಣ ಮುದುಕಿ ಮುದುಕನೊಬ್ಬನ ಜೊತೆ ಡೊಮಿನೊ ಆಡುತ್ತಿದ್ದಳು. ಬೆರಳುಗಳು ಗಿಡ್ಡ. ಎರಡೂ ಅಂಗೈಗಳ ನಡುವೆ ಕಾಯಿ ಹಿಡಿದು ಟಪ್ಪೆಂದು ಮೇಜಿಗೆ ಬಡಿದಳು. ಅಮ್ಮನ ಗಲ್ಲ, ಅಮ್ಮನ ಹಣೆ. ನಾನು ಕಂಬದ ಹತ್ತಿರವೇ ನಿಂತುಬಿಟ್ಟೆ.

"ಅಲ್ಲಿ ನಿಂತ್ಕೊಂಡು ಕಂಬ ಬೀಳ್ದೇ ಇರೋ ಹಾಗೆ ನೋಡ್ಕೋತಾ ಇದೀಯಾ?" ಎಂದಳು. "ಬರೋದಾದ್ರೆ ಬಾ. ನೀನು ಎರ್ಮೆಲಿಂದಾ ಮಗ. ನಡಿಗೆ ನೋಡಿದ್ರೆ ಗೊತ್ತಾಗುತ್ತೆ."

ಹೋದೆ. ಮಾರ್ಲೆನಿ ಅಷ್ಟರಲ್ಲಿ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಾಗಿತ್ತು. ನಾನು ಸ್ವಲ್ಪ ಬಾಗಿದೆ, ಅಷ್ಟೇ. ಅದನ್ನು ಅವಳು ನೋಡಿದಳು.

"ಎಷ್ಟು ವರ್ಷ ನಿನಗೆ?"

"ಐವತ್ತೇಳು, ದೊಡ್ಡಮ್ಮ."

"ಇಲ್ಲಿಗೆ ಬರೋಕೆ ಐವತ್ತೇಳು ವರ್ಷ ಬೇಕಾಯ್ತಾ? ನಲವತ್ತು ನಿಮಿಷದ ದಾರಿ ಕಣೋ."

ಡೊಮಿನೊ ಮುದುಕ ಖೊಕ್ಕೆಂದು ನಕ್ಕ. ನಾನು ಏನಾದರೂ ಹೇಳಬೇಕಲ್ಲ ಎಂದು, "ಈ ಊರಿಗೆ ಬರೋ ಸಂದರ್ಭ ಬರ್ಲಿಲ್ಲ," ಎಂದೆ.

"ಈ ಊರು, ಆ ಊರು! ಊರಿಗೊಂದು ಹೆಸರಿದೆ. ಹೇಳು."

"ಅಗ್ವಾ ದೆ ದಿಯೋಸ್."

"ನಾಲಿಗೆ ಸುಡ್ತಾ?"

"ಇಲ್ಲ ದೊಡ್ಡಮ್ಮ."

"ನನಗೆ ರೋಗ ವಾಸಿಯಾಗಿ ಐವತ್ತು ವರ್ಷ ಆಯ್ತು. ಹೆದರಿಕೆಗೆ ಮಾತ್ರ ಔಷಧಿ ಕಂಡುಹಿಡೀಲಿಲ್ಲ ಯಾರೂ. ಕೂತ್ಕೋ."

ಬೆಲ್ಲದ ಬಿಸಿ ನೀರು ಬಂತು. ಮಾರ್ಲೆನಿ ಕುಡಿದಳು. ನಾನು ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ. ದೊಡ್ಡಮ್ಮ ಅಮ್ಮನ ಕೊನೆಯ ದಿನಗಳ ಬಗ್ಗೆ ಕೇಳಿದಳು. ಯಾವ ಉಡುಪು ಹಾಕಿ ಕಳಿಸಿದಿರಿ, ಜಡೆ ಹಾಕಿದ್ದಿರೋ ಇಲ್ಲವೋ, ಎಲ್ಲ ಕೇಳಿದಳು. ಆಮೇಲೆ, "ನಾಣ್ಯ ಸಿಕ್ತಾ?" ಎಂದಳು.

ಮಾರ್ಲೆನಿ ನನ್ನನ್ನು ನೋಡಿದಳು.

"ಸಿಕ್ಕಿದೆ. ಮನೇಲಿ ಭದ್ರವಾಗಿದೆ," ಎಂದೆ.

ಅವಳ ಮುಖ ಅರಳಿತು. ಹೇಳಿದಳು: "ಅವಳನ್ನ ಕರ್ಕೊಂಡು ಹೋದ ದಿನ ಲಾರಿ ಬಂದಿತ್ತು. ಏಳು ಮಕ್ಕಳು. ಅಪ್ಪ ಓಡಿ ಒಳಗೆ ಹೋಗಿ, ಇದ್ದಬದ್ದ ದುಡ್ಡೆಲ್ಲ ತಂದು ಎರ್ಮಿ ಲಂಗದ ಜೇಬಿಗೆ ಸುರಿದ. ಬಿಸಿ ಬನ್ನು ತಗೋ ಮಗಳೇ, ರಿಬ್ಬನ್ನು ತಗೋ, ಏನು ಬೇಕಾದ್ರೂ ತಗೋ ಅಂದ. ಅಮ್ಮ ಅಳ್ತಾ ಬೈದ್ಲು, ಆ ದುಡ್ಡು ಸೇತುವೆ ಆಚೆ ನಡೆಯಲ್ಲ ಕಣೋ ಮೂರ್ಖ, ಅಂತ. ಅಪ್ಪ ಅಂದ, ನನಗೆ ಗೊತ್ತು ಕಣೇ, ಅವಳಿಗೆ ಗೊತ್ತಿಲ್ವಲ್ಲ, ದಾರಿ ಪೂರ್ತಿ ಜೇಬು ತುಂಬಾ ದುಡ್ಡಿದೆ ಅಂದ್ಕೊಂಡು ಹೋಗಲಿ. ಅವಳು ಲಾರಿ ಮೇಲೆ ನಿಂತು ಜೇಬು ಅಲ್ಲಾಡಿಸಿ ನನಗೆ ಸದ್ದು ಕೇಳಿಸಿದ್ಲು. ಆವತ್ತು ನನಗೆ ಹೊಟ್ಟೆ ಉರಿದಿತ್ತು, ಗೊತ್ತಾ? ಅವಳಿಗೆ ಮಾತ್ರ ಕೊಟ್ಟ, ನನಗಿಲ್ಲ, ಅಂತ."

ಅವಳು ನಕ್ಕಳು. ನಾನು ಲೋಟ ಕೆಳಗಿಟ್ಟೆ.

"ಹೊರಗೆ ಹೋದ ಮೊದಲನೇ ವಾರ ಬನ್ನಿನವನಿಗೆ ಒಂದು ಕೊಟ್ಲಂತೆ. ಅವನು ಮೋರಿಗೆ ಎಸೆದನಂತೆ. ಇಳಿದು ಆಯ್ಕೊಂಡು ತೊಳೆದಿಟ್ಟುಕೊಂಡ್ಲು. ಆಮೇಲೆ ಯಾರಿಗೂ ತೋರಿಸ್ಲಿಲ್ಲ. ಮುಂದಿನ ಸಲ ತಗೊಂಡು ಬಾ. ಎಪ್ಪತ್ತು ವರ್ಷ ಆಯ್ತು ನೋಡಿ."

ತರುತ್ತೇನೆ ಎಂದೆ.

ಬಸ್ಸಿನಲ್ಲಿ ಮಾರ್ಲೆನಿ ಕಿಟಕಿಯ ಹೊರಗೇ ನೋಡುತ್ತಿದ್ದಳು. ಊರು ಹತ್ತಿರ ಬಂದಾಗ, "ಎಂಬತ್ಮೂರು ವರ್ಷದ ಮುದುಕಿಗೆ," ಎಂದಳು. ಮಾತು ಪೂರ್ತಿ ಮಾಡಲಿಲ್ಲ.

ಜೂನ್ 26, ಮಂಗಳವಾರ

ಬೊಗೊತಾ. ಮುದುಕನಿಗೆ ನನ್ನ ನೆನಪಿತ್ತು.

"ಹಳೇ ಸಾಮಾನಿನವರು," ಎಂದ.

"ಅಲ್ಲ," ಎಂದೆ. ಇವತ್ತೂ ಅಂಗಡಿಯಲ್ಲಿ ಜನ ಇದ್ದರು. "ಅವು ನಮ್ಮಮ್ಮನವು. ನಮ್ಮಮ್ಮ ಅಲ್ಲಿಯವಳು. ಸುಳ್ಳು ಹೇಳಿದ್ದೆ. ವಾಪಸ್ ಬೇಕು."

ಅವನು ಡ್ರಾಯರ್ ಎಳೆದ. ಐದು ಉಳಿದಿದ್ದವು. ಆರು ಹೋಗಿದ್ದವು, ಆ ಅಪರೂಪದ್ದೂ ಸೇರಿ. ಯಾರೋ ಮೆದೆಯಿನ್ ಕಡೆಯ ಸಂಗ್ರಾಹಕ, ಕೇಳಿ ನೋಡುತ್ತೇನೆ, ಆದರೆ ಅಂಥವರು ಕೊಡುವುದಿಲ್ಲ ಎಂದ. ಐದಕ್ಕೆ ನಾನು ಮಾರಿದ ಬೆಲೆಯನ್ನೇ ತೆಗೆದುಕೊಂಡ. ಅವನು ಇಮ್ಮಡಿ ಕೇಳಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಜೂನ್ 28, ಗುರುವಾರ

ಒಬ್ಬನೇ ಹೋದೆ. ಕೂರುವ ಮೊದಲೇ ಹೇಳಿಬಿಟ್ಟೆ. ಮಾರಿದ್ದು, ಭದ್ರವಾಗಿದೆ ಎಂದು ಸುಳ್ಳು ಹೇಳಿದ್ದು, ಆರು ಹೋಗಿಯೇಬಿಟ್ಟದ್ದು. ಅಲ್ಲಿಗೇ ನಿಲ್ಲಿಸಬಹುದಿತ್ತು. ಬಸ್ಸು, ಪೊರಕೆ, ಮಾವಿನ ಹಣ್ಣು ಕೂಡ ಹೇಳಿದೆ. "ಅದು ನೀವಾಗಿದ್ರಾ ದೊಡ್ಡಮ್ಮ?" ಎಂದು ಕೇಳಿದೆ.

"ನಾನಲ್ಲ," ಎಂದಳು. "ನನ್ನನ್ನ ಮೂರು ಸಲ ಇಳಿಸಿದಾರೆ. ಮಾವಿನ ಹಣ್ಣು ಇರ್ಲಿಲ್ಲ." ನನ್ನ ಕಡೆ ತಿರುಗಿ, "ನಾನಲ್ಲ ಅಂತ ಸಮಾಧಾನ ಆಯ್ತಾ?" ಎಂದಳು.

ಆಗಿತ್ತು. ಒಂದು ಕ್ಷಣ ಆಗಿತ್ತು. ಅದು ಅವಳಿಗೆ ಕಂಡಿತು.

ಐದು ನಾಣ್ಯ ಅವಳ ಮಡಿಲಿಗೆ ಹಾಕಿದೆ. ಅಂಗೈಗಳ ನಡುವೆ ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. "ಕೈಗೆ ಏನೂ ಗೊತ್ತಾಗಲ್ಲ," ಎಂದಳು. "ಕೆನ್ನೆಗೆ ಗೊತ್ತಾಗುತ್ತೆ." ಒಂದೊಂದನ್ನೂ ಹಾಗೆಯೇ ಮುಟ್ಟಿಸಿಕೊಂಡಳು. ಐದು ಮುಗಿದ ಮೇಲೆ ಮಡಿಲಲ್ಲಿ ಇನ್ನೂ ಹುಡುಕಿದಳು.

"ಈಗ ಹೋಗು," ಎಂದಳು. "ಇವತ್ತು ನಿನ್ನ ಮುಖ ನೋಡೋಕೆ ಆಗಲ್ಲ ನನಗೆ."

ಜುಲೈ 5, ಗುರುವಾರ

ಹೋದೆ. ದೊಡ್ಡಮ್ಮ ಮಾತಾಡಿಸಲಿಲ್ಲ. ಎರಡು ಗಂಟೆ ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದೆ.

ಜುಲೈ 8, ಭಾನುವಾರ

ಪ್ಲುತಾರ್ಕೊ ಮನೆಗೆ ಹೋದೆ. ಚೂಚೊ ಕೂಡ ಇದ್ದ. ನಮ್ಮ ತಾತನಿಗೆ ದೋಣಿ ಇರಲಿಲ್ಲ, ಕುಷ್ಠರೋಗ ಇತ್ತು, ನಮ್ಮ ದೊಡ್ಡಮ್ಮ ಅಗ್ವಾ ದೆ ದಿಯೋಸ್‌ನಲ್ಲಿ ಇದ್ದಾಳೆ ಎಂದೆ. ಕಂಠಪಾಠ ಒಪ್ಪಿಸುವ ಹುಡುಗನ ಹಾಗೆ ನಿಂತುಕೊಂಡೇ ಹೇಳಿದೆ.

ಚೂಚೊ, "ಮತ್ತೆ ರಷ್ಯಾ?" ಎಂದ. ಆಮೇಲೆ ಬಾಯಿ ಮುಚ್ಚಿಕೊಂಡ. ಅವನು ತನ್ನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ ಹಾಗೆ ಕಂಡಿತು. ಕಾಲು ಚಾಚಲು ಸರಿಸಿದನೋ ಏನೋ. ಇಷ್ಟು ವರ್ಷ ಅಲ್ಲಿಯವರು ಹೀಗೆ ಹಿಂದಕ್ಕೆ ಸರಿದ ಎಷ್ಟು ಕುರ್ಚಿಗಳನ್ನು ನೋಡಿ ನೋಡಿ ಲೆಕ್ಕ ಹಾಕಿದ್ದಾರೋ.

ಪ್ಲುತಾರ್ಕೊ ನನ್ನನ್ನು ಒಳಗೆ ಕರೆದರು. "ನಲವತ್ತು ವರ್ಷ ನಿಮ್ಮಮ್ಮ ನನ್ನ ಅಂಗಡೀಲೇ ಬ್ಯಾಂಡೇಜು, ಮುಲಾಮು ತಗೊಂಡು ಹೋಗ್ತಿದ್ರು. ಬುಧವಾರ ಬುಧವಾರ. ಯಾರಿಗೆ ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಆವತ್ತು ಆ ನಾಣ್ಯ ನೋಡಿದ ಕೂಡಲೇ ಗೊತ್ತಾಯ್ತು."

"ಅದಕ್ಕೇ ಬೊಗೊತಾಕ್ಕೆ ಬಂದ್ರಾ?"

"ನೀವು ಒಬ್ರೇ ಕೇಳಿಸ್ಕೊಳ್ಳೋದು ಬೇಡ ಅಂತ." ಕನ್ನಡಕ ಒರೆಸಿಕೊಂಡರು. "ಹೋದ ವರ್ಷ ನೀವು ಆ ಬಸ್ಸಿನ ಕಥೆ ಹೇಳಿದಾಗ ನಾನೂ ನಕ್ಕಿದ್ದೆ, ಎವೆಲಿಯೊ. ನಿಮ್ಮಮ್ಮ ಆಗ ಔಷಧಿಗೆ ಅಂತ ಬಂದು ಕೌಂಟರ್ ಹತ್ರ ನಿಂತಿದ್ರು."

ಇದನ್ನು ಕೇಳದೆ ಇದ್ದಿದ್ದರೆ ಎನಿಸಿತು. ಮನೆಗೆ ಹೇಗೆ ಬಂದೆ ಗೊತ್ತಿಲ್ಲ.

ಜುಲೈ 12, ಗುರುವಾರ

ದೊಡ್ಡಮ್ಮ ಮೆಟ್ಟಿಲ ಕಡೆ ನೋಡಿ, "ಅಲ್ಲಿ ಕೂತ್ರೆ ಮೂಲವ್ಯಾಧಿ ಬರುತ್ತೆ," ಎಂದಳು. ಡೊಮಿನೊ ಮುದುಕನಿಗೆ ಜ್ವರ. ಎದುರಿಗೆ ಕುಳಿತೆ. ಒಂಬತ್ತು ಆಟ ಆಡಿದೆವು, ಒಂಬತ್ತೂ ಸೋತೆ. ಅವಳು ಕಾಯಿ ಕದಿಯುತ್ತಾಳೆ. ಅಂಗೈ ಕೆಳಗೆ ಒಂದು ಅಡಗಿಸಿಟ್ಟಿದ್ದು ಕಂಡೆ, ಸುಮ್ಮನಿದ್ದೆ.

ನಾಣ್ಯದ ಮಾತು ಎತ್ತಲಿಲ್ಲ. ಹೊರಡುವಾಗ ಮಾತ್ರ, "ಆರು ಹೋಯ್ತಲ್ಲೋ," ಎಂದಳು. ಬೈಗುಳವಾಗಿದ್ದರೆ ಚೆನ್ನಾಗಿತ್ತು.

ಜುಲೈ 26, ಗುರುವಾರ

ಮೆದೆಯಿನ್‌ನವನು ಕೊಡುವುದಿಲ್ಲ ಎಂದನಂತೆ. ಅಂಗಡಿಯ ಮುದುಕ ಫೋನ್ ಮಾಡಿದ್ದ. ನುಬಿಯಾಗೆ ತಿಳಿಸಿದೆ. "ಹ್ಞೂಂ," ಎಂದಳು. ಮುಂದಿನ ತಿಂಗಳು ಅವಳೂ ಬರುತ್ತಾಳಂತೆ, ಒಟ್ಟಿಗೆ ಹೋಗೋಣ ಎಂದಳು. ದೊಡ್ಡಮ್ಮನಿಗೆ ಇವತ್ತು ಹೇಳಲು ಬಾಯಿ ಬರಲಿಲ್ಲ. ಮುಂದಿನ ವಾರ ಹೇಳಬೇಕು. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಅಲ್ಲಿ ದಾದಿ ರಜೆಯಲ್ಲಿದ್ದಾಳೆ. ದೊಡ್ಡಮ್ಮನ ಕಾಲುಗುರು ಬೆಳೆದು ಒಳಕ್ಕೆ ಬಾಗಿದ್ದವು. ಬಿಸಿ ನೀರಿನಲ್ಲಿ ನೆನೆಸಿ, ತೊಡೆಯ ಮೇಲಿಟ್ಟುಕೊಂಡು ಕತ್ತರಿಸಿದೆ. ಪಾದಕ್ಕೆ ಸ್ಪರ್ಶವಿಲ್ಲವಾದ್ದರಿಂದ ಎಲ್ಲಿ ಗಾಯವಾಗಿದೆ ಎಂದು ಅವಳಿಗೆ ತಿಳಿಯುವುದಿಲ್ಲ, ನಾವೇ ಮುಟ್ಟಿ ನೋಡಬೇಕು. ಎಡ ಹಿಮ್ಮಡಿಯಲ್ಲಿ ಬಿರುಕಿತ್ತು. ವ್ಯಾಸಲೀನ್ ಹಚ್ಚಿ ತಿಕ್ಕಿದೆ. "ನೋಯಿಸ್ಬೇಡ್ವೋ," ಎಂದು ಸುಮ್ಮನೆ ಕೂಗಿ ಅಕ್ಕಪಕ್ಕದವರನ್ನು ನಗಿಸಿದಳು. ಅಲ್ಲಿಯ ಕತ್ತರಿ ತೀರಾ ಮೊಂಡು, ಹೆಬ್ಬೆರಳಿನ ಉಗುರು ಅರ್ಧಕ್ಕೇ ನಿಂತಿತು. ವಸತಿಗೃಹದವರು ಒಂದು ಒಳ್ಳೆಯ ಕತ್ತರಿ ಇಡಬಾರದೇ? ಪ್ಲುತಾರ್ಕೊ ಹತ್ತಿರ ಬಾಗಿದ ಅಲಗಿನದು ಇರಬೇಕು, ಬುಧವಾರ ಕೇಳಬೇಕು.

ನಾನು ಒಯ್ದಿದ್ದ ಚೀಸ್ ಬನ್ನನ್ನು ಅವಳು ಅರ್ಧ ತಿಂದಳು, ಉಳಿದದ್ದು ಸೇರಲಿಲ್ಲ, ನನ್ನ ಕೈಗಿಟ್ಟಳು. ಬಸ್ಸಿನಲ್ಲಿ ಹಸಿವಾಗಿ ತಿಂದೆ. ಉಪ್ಪು ಕಡಿಮೆ.